ರಾತ್ರಿಯೂ ಸೆಖೆ ಯಾಕೆ? ನೀರಾವಿಯ ಕತೆ

ಇವತ್ತು ಒಂದು ಸಣ್ಣ ಪ್ರಶ್ನೆ. ಜನವರಿಯಲ್ಲಿ ವಿಜಯಪುರದಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟಿದರೂ ಬೆಳಗಿನ ಜಾವಕ್ಕೆ ಕಂಬಳಿ ಬೇಕು. ಅದೇ ರಾತ್ರಿ ಮಂಗಳೂರಲ್ಲಿ ಫ್ಯಾನ್ ಬೇಕು. ಯಾಕೆ? ಸಮುದ್ರ ಬೇಗ ತಣ್ಣಗಾಗಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಣ್ಣಿಗೆ ಕಾಣಲ್ಲ: ಗಾಳಿಯಲ್ಲಿರೋ ನೀರಾವಿ.

ಹಗಲು ಕಾದ ನೆಲ ತನ್ನ ಶಾಖವನ್ನು ಇನ್‌ಫ್ರಾರೆಡ್, ಅಂದರೆ ಅವಕೆಂಪು ಕಿರಣಗಳಾಗಿ ಮೇಲಕ್ಕೆ ಕಳಿಸುತ್ತೆ. ಒಣಗಾಳಿಯಲ್ಲಿ ಶೇ 99ರಷ್ಟು ಸಾರಜನಕ ಮತ್ತು ಆಮ್ಲಜನಕ. ಇವೆರಡೂ ಈ ಕಿರಣಗಳನ್ನು ಹೆಚ್ಚುಕಮ್ಮಿ ತಡೆಯೋದೇ ಇಲ್ಲ. ನೀರಿನ ಅಣು ಹಾಗಲ್ಲ. ಕಿರಣ ತಾಗಿದರೆ ಅದು ಕಂಪಿಸುತ್ತೆ, ತಿರುಗುತ್ತೆ, ಶಕ್ತಿಯನ್ನು ಹೀರಿಕೊಳ್ಳುತ್ತೆ. ಹೀಗೆ ಬಿಸಿಯಾದ ಗಾಳಿ ಒಂದು ಪಾಲು ಶಾಖವನ್ನು ನೆಲಕ್ಕೇ ವಾಪಸ್ ಕಳಿಸುತ್ತೆ. ಯಾವ ಅನಿಲ ಎಷ್ಟು ಹೀರುತ್ತೆ ಅಂತ ಲಂಡನ್ನಿನಲ್ಲಿ ಜಾನ್ ಟಿಂಡಾಲ್ 1859ರಲ್ಲೇ ಅಳೆಯಲು ಶುರು ಮಾಡಿದ್ದರು.

ಆಕಾಶದಿಂದ ಬರೋ ಇನ್‌ಫ್ರಾರೆಡ್ ಬೆಳಕನ್ನೂ ನೀರಾವಿ ನುಂಗುತ್ತೆ. ಅದಕ್ಕೇ ನಮ್ಮ ಖಗೋಳ ವಿಜ್ಞಾನಿಗಳು ಲಡಾಖಿನ ಹಾನ್ಲೆಗೆ ಹೋದರು. ಸುಮಾರು 4,500 ಮೀಟರ್ ಎತ್ತರ, ಒಣಗಾಳಿ. ಅಲ್ಲಿರೋ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸೋದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ!

ಈಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡೋ ಒಂದು ವಾದ: "ಅತಿ ಹೆಚ್ಚು ಶಾಖ ಹಿಡಿಯೋದು ನೀರಾವಿ ತಾನೇ? ಮತ್ಯಾಕೆ ಕಾರ್ಬನ್ ಡೈಆಕ್ಸೈಡ್ ಮೇಲೆ ದೂರು?" ಮೊದಲರ್ಧ ನಿಜ. ಆದರೆ ನೀರಾವಿ ತಾನಾಗಿ ಹೆಚ್ಚಿಕೊಂಡು ಹೋಗಲ್ಲ. ಜಾಸ್ತಿಯಾದರೆ ಮಳೆಯಾಗಿಯೋ ಇಬ್ಬನಿಯಾಗಿಯೋ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತೆ. ಗಾಳಿಯಲ್ಲಿ ಅದು ಎಷ್ಟು ನಿಲ್ಲಬಹುದು ಅನ್ನೋದನ್ನು ತೀರ್ಮಾನಿಸೋದು ತಾಪಮಾನ. 1 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಗೆ ಜಾಗ.

ನಾವು ಸುಡೋ ಕಲ್ಲಿದ್ದಲು, ಪೆಟ್ರೋಲ್‌ನಿಂದ ಬರೋ ಕಾರ್ಬನ್ ಡೈಆಕ್ಸೈಡ್ ಮಾತ್ರ ಶತಮಾನಗಟ್ಟಲೆ ಉಳಿಯುತ್ತೆ. ನೀರಾವಿ ತೀರಾ ಕಮ್ಮಿ ಇರೋ ಎತ್ತರದಲ್ಲೂ ಅದು ಶಾಖ ಹಿಡಿಯುತ್ತೆ. ಅದು ಭೂಮಿಯನ್ನು ಸ್ವಲ್ಪ ಬಿಸಿ ಮಾಡಿದರೆ ನೀರಾವಿ ಹೆಚ್ಚುತ್ತೆ; ಹೆಚ್ಚಿದ ನೀರಾವಿ ಆ ಬಿಸಿಯನ್ನು ಹತ್ತಿರಹತ್ತಿರ ದುಪ್ಪಟ್ಟು ಮಾಡುತ್ತೆ. ಬೆಂಕಿ ಹಚ್ಚೋದು ಒಬ್ಬ, ಗಾಳಿ ಬೀಸೋದು ಇನ್ನೊಬ್ಬ ಅಂದ ಹಾಗೆ.

ಇದರ ಪೆಟ್ಟು ಮೊದಲು ಬೀಳೋದು ರಾತ್ರಿಯ ನಿದ್ದೆಗೆ. ಹಗಲೆಲ್ಲಾ ಬಿಸಿಲಲ್ಲಿ ದುಡಿದ ದೇಹ ತಣ್ಣಗಾಗಬೇಕಾದ ಹೊತ್ತು ಅದು. ತೇವದ ಗಾಳಿಯಲ್ಲಿ ಬೆವರೂ ಆರಲ್ಲ. ಎಸಿ ಇಲ್ಲದ ತಗಡಿನ ಮನೆಯಲ್ಲಿ ಮಲಗೋರಿಗೆ ಇದು ಆರೋಗ್ಯದ ಪ್ರಶ್ನೆ.

ಹಾಗಾಗಿ ಹವಾಮಾನದ ಆ್ಯಪ್ ತೆರೆದಾಗ ಗರಿಷ್ಠ ತಾಪಮಾನ ನೋಡಿ ಮುಚ್ಚಬೇಡಿ. ಕನಿಷ್ಠ ತಾಪಮಾನ, ತೇವಾಂಶ ಎರಡನ್ನೂ ನೋಡಿ. ಮತ್ತೆ ಸಿಗೋಣ.