ದೇಶಪ್ರೇಮವೂ ನಮ್ಮ ಮನಸ್ಸಿನ ತೊಳಲಾಟವೂ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೆ ಒಪ್ಪಿಸಿರುವ ವಿಷಯ ದೇಶಪ್ರೇಮ. ಈ ವಿಷಯದ ಮೇಲೆ ಮಾಡಬಹುದಾದ ಸುಲಭದ ಭಾಷಣವೊಂದುಂಟು. ನಮ್ಮವರು ನಡೆಸುವ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಹೆಸರಿಸಿ, ಸೈನ್ಯಕ್ಕೆ ಸೇರಿದ ನಮ್ಮ ಮಕ್ಕಳನ್ನು ಎಣಿಸಿ, "ನಾವೂ ದೇಶಭಕ್ತರೇ" ಎಂದು ಸಾರಿ ಕುಳಿತುಕೊಳ್ಳಬಹುದು. ಆದರೆ ಮನೆಯಲ್ಲಿ ಹುಟ್ಟಿದ ಮಗನು ತಾನು ಮನೆಯವನೆಂಬುದಕ್ಕೆ ಸಾಕ್ಷಿಗಳನ್ನು ಕರೆಯಬೇಕಾಗಿಲ್ಲ. ಆದುದರಿಂದ ಆ ದಾರಿಯನ್ನು ಬಿಟ್ಟು, ನಮ್ಮಲ್ಲಿ ಅನೇಕರು ಮನಸ್ಸಿನಲ್ಲಿಯೇ ಇಟ್ಟುಕೊಂಡಿರುವ ತೊಳಲಾಟವೊಂದನ್ನು ಈ ಸಭೆಯ ಮುಂದಿಡಲು ಬಯಸುತ್ತೇವೆ.

2023ನೆಯ ವರ್ಷವನ್ನು ನೆನೆಸಿಕೊಳ್ಳೋಣ. ಆ ವರ್ಷದ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಅದುವರೆಗೆ ಯಾವ ದೇಶವೂ ಇಳಿಯದ ತಾಣವದು. ಬೆಂಗಳೂರಿನಿಂದ ಆ ವಾರ್ತೆ ಬಂದಾಗ ನಮ್ಮ ಮನೆಗಳಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು, ಹಿರಿಯರ ಕಣ್ಣು ತೇವವಾಯಿತು. ಅದೇ ವರ್ಷದ ಮೇ 3ರಂದು ಮಣಿಪುರದಲ್ಲಿ ಹೊತ್ತಿದ ಜನಾಂಗ ಕಲಹದ ಬೆಂಕಿ ಆಗಲೂ ಆರಿರಲಿಲ್ಲ. ಎರಡೂ ಕಡೆಯ ಜನ ಸತ್ತಿದ್ದರು, ಮನೆಗಳು ಸುಟ್ಟಿದ್ದವು, ಇಗರ್ಜಿಗಳೂ ದೇವಸ್ಥಾನಗಳೂ ಬೂದಿಯಾಗಿದ್ದವು. ಒಂದೇ ವರ್ಷ, ಒಂದೇ ದೇಶ, ಒಂದೇ ಎದೆ. ಆ ಎದೆಯಲ್ಲಿ ಹೆಮ್ಮೆಯೂ ಇತ್ತು, ಸಂಕಟವೂ ಇತ್ತು. ಇವೆರಡರಲ್ಲಿ ಯಾವುದು ನಿಜವಾದ ದೇಶಪ್ರೇಮ ಎಂದು ಕೇಳಿದರೆ ಏನೆಂದು ಉತ್ತರ ಕೊಡೋಣ?

ಈ ಇಬ್ಬಂದಿಯಿಂದ ಪಾರಾಗಲು ನಮ್ಮಲ್ಲಿ ಕೆಲವರು ಎರಡು ದಾರಿಗಳನ್ನು ಹಿಡಿಯುತ್ತಾರೆ. "ಇದು ಇನ್ನು ನಮ್ಮ ದೇಶವಲ್ಲ, ಮಕ್ಕಳನ್ನು ಹೊರಗೆ ಕಳುಹಿಸಿ ಸುಮ್ಮನಿರೋಣ" ಎಂದು ಕೈತೊಳೆದುಕೊಳ್ಳುವುದು ಒಂದು. ಯಾರೂ ನಮ್ಮನ್ನು ಸಂಶಯಿಸದಿರಲೆಂದು ಎಲ್ಲರಿಗಿಂತ ಗಟ್ಟಿಯಾಗಿ ಘೋಷಣೆ ಕೂಗುವುದು ಇನ್ನೊಂದು. ಮೊದಲನೆಯದು ನೋವಿನಿಂದ ಹುಟ್ಟಿದುದು, ಎರಡನೆಯದು ಭಯದಿಂದ. ಇವೆರಡೂ ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಆಸ್ತಿಯನ್ನು ಕೈಬಿಡುವ ದಾರಿಗಳು. ಆ ಆಸ್ತಿ ಯಾವುದೆಂಬುದನ್ನು ಸ್ವಲ್ಪ ವಿವರಿಸುತ್ತೇವೆ.

ನಮ್ಮ ಈ ದೇವಾಲಯದ ಗಂಟೆ ಮೊದಲ ಸಲ ಮೊಳಗಿದಾಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿಗಳ ಮೇಲೆ ಬ್ರಿಟಿಷ್ ಚಕ್ರವರ್ತಿಯ ಧ್ವಜ ಹಾರುತ್ತಿತ್ತು. 1947ರಲ್ಲಿ ಆ ಧ್ವಜ ಇಳಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದವರಾದೆವು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಈ ನೂರು ವರ್ಷಗಳಲ್ಲಿ ಎಷ್ಟೋ ಸರಕಾರಗಳು ಬಂದುವು, ಎಷ್ಟೋ ಹೋದುವು. ಆದರೆ ಗದ್ದೆಯ ಮಣ್ಣು ಅದೇ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬ ನಮ್ಮ ಬಾಳಿನ ರೀತಿ ಅದೇ. ಸೆಪ್ಟೆಂಬರ್ 8ರಂದು ಕನ್ಯಾಮಾತೆಯ ಜನ್ಮದಿನದಂದು ಮಕ್ಕಳು ಮಾತೆಗೆ ಹೂ ಅರ್ಪಿಸಿ, ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು, ಹೊಸ ಅಕ್ಕಿಯನ್ನು ಕುಟುಂಬದವರೆಲ್ಲ ಕೂಡಿ ಉಣ್ಣುವ ಹಬ್ಬ ಅದೇ. ನಾವು ದೇಶವೆಂದು ಕರೆಯುವುದು ಮೊದಲು ಇದನ್ನು. ಸರಕಾರವು ಈ ಮನೆಯ ಪಾರುಪತ್ಯಗಾರ ಮಾತ್ರ, ಒಡೆಯನಲ್ಲ. ಪಾರುಪತ್ಯಗಾರನ ಲೆಕ್ಕವನ್ನು ಕೇಳುವುದು ಮನೆಗೆ ಬಗೆಯುವ ದ್ರೋಹವಾಗಲಾರದು.

ಈ ಮಾತನ್ನು ಹೇಳುವುದು ಸುಲಭ, ಬಾಳುವುದು ಕಷ್ಟ. ಏಕೆಂದರೆ ಮನುಷ್ಯನ ಎದೆಯೊಳಗಿನ ನಿಷ್ಠೆಯನ್ನು ಅಳೆಯುವ ಕೋಲು ಯಾರ ಬಳಿಯೂ ಇಲ್ಲ. ಆದರೂ ಕಷ್ಟಕಾಲ ಬಂದಾಗಲೆಲ್ಲ ಆ ಕೋಲನ್ನು ಹಿಡಿದುಕೊಂಡವರು ಕಾಣಿಸಿಕೊಳ್ಳುತ್ತಾರೆ. ನಮ್ಮ ಜನಾಂಗಕ್ಕೆ ಇದರ ಅನುಭವ ಹಳೆಯದು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ. ಉಳಿದವರಲ್ಲಿ ಅನೇಕರು 1799ರ ನಂತರ ಮರಳಿ ಬಂದು ಹಾಳುಬಿದ್ದ ಹೊಲಗಳನ್ನು ಮತ್ತೆ ಉತ್ತರು. ಕೆಲವರ ಮೇಲಿನ ಸಂಶಯಕ್ಕಾಗಿ ಒಂದಿಡೀ ಜನಾಂಗವನ್ನು, ತೊಟ್ಟಿಲ ಕೂಸನ್ನೂ ಬಿಡದೆ, ದಂಡಿಸಿದರೆ ಏನಾಗುತ್ತದೆಂಬುದು ನಮ್ಮ ಅಜ್ಜ ಅಜ್ಜಿಯರು ಹೇಳಿದ ಕಥೆಗಳಲ್ಲಿ ಉಳಿದಿದೆ.

ಈ ನೆನಪನ್ನು ಏನು ಮಾಡಬೇಕು? ಇಂದು ಅದನ್ನು ನಮ್ಮ ಕೈಯಿಂದ ಪಡೆದು ಇನ್ನೊಂದು ಸಮುದಾಯದ ಮೇಲೆ ಕಲ್ಲಿನಂತೆ ಎಸೆಯಲು ಬಯಸುವವರಿದ್ದಾರೆ. ಅದನ್ನು ನಾವು ಕೊಡಬಾರದು. ಅಂದು ನಮ್ಮ ಪೂರ್ವಜರು ಪಟ್ಟ ಪಾಡಿನ ಪಾಠವೆಂದರೆ, ಸಂಶಯದ ಮೇಲೆ ಯಾವ ಜನಾಂಗವನ್ನೂ ದ್ರೋಹಿಗಳೆಂದು ಕರೆಯಬಾರದೆಂಬುದೇ. ನೆರೆಮನೆಯ ಮುಸಲ್ಮಾನ ಬಂಧುವಿನ ನಿಷ್ಠೆಯನ್ನು ಯಾರಾದರೂ ಹೀಗಳೆದಾಗ ನಾವು ಸುಮ್ಮನಿದ್ದರೆ, ಶ್ರೀರಂಗಪಟ್ಟಣದ ದಾರಿಯಲ್ಲಿ ಬಿದ್ದವರಿಗೆ ಯಾವ ಗೌರವವನ್ನೂ ಸಲ್ಲಿಸಿದಂತಾಗದು.

ದ್ರೋಹದ ಆರೋಪವೆಂಬುದು ಎಷ್ಟು ಚಂಚಲವೆಂಬುದಕ್ಕೆ ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫೆರ್ನಾಂಡಿಸರ ಬಾಳು ಒಂದು ನಿದರ್ಶನ. ಎಳೆಯ ವಯಸ್ಸಿನಲ್ಲಿ ಗುರುವಾಗಲು ಬೆಂಗಳೂರಿನ ಗುರುಮಠಕ್ಕೆ ಸೇರಿ, ಅದನ್ನು ತೊರೆದು, ಮುಂಬಯಿಯಲ್ಲಿ ಕಾರ್ಮಿಕ ನಾಯಕರಾದವರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಭೂಗತರಾದರು, 1976ರಲ್ಲಿ ಬಂಧಿತರಾದರು. ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಅವರು ಸರಕಾರದ ವಿರುದ್ಧ ಸಂಚು ನಡೆಸಿದರೆಂಬ ಆರೋಪವಿತ್ತು. ಕೈಗೆ ಬೇಡಿ ತೊಟ್ಟ ಅವರ ಚಿತ್ರವನ್ನು ದೇಶವೇ ನೋಡಿತು. 1977ರಲ್ಲಿ ಸೆರೆಮನೆಯಿಂದಲೇ ಬಿಹಾರದ ಮುಜಫರಪುರದಿಂದ ಲೋಕಸಭೆಗೆ ಆರಿಸಿ ಬಂದು ಮಂತ್ರಿಯಾದರು, ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಾಯಿತು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ದೇಶದ ರಕ್ಷಣಾ ಮಂತ್ರಿ ಇದೇ ಜಾರ್ಜ್ ಫೆರ್ನಾಂಡಿಸರು. ಅವರ ಮಾರ್ಗವನ್ನು ಎಲ್ಲರೂ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಒಂದು ಸರಕಾರ ರಾಜ್ಯದ ವೈರಿಯೆಂದು ಕಂಡವನ ಕೈಗೆ ಇನ್ನೊಂದು ಸರಕಾರ ರಾಜ್ಯದ ರಕ್ಷಣೆಯನ್ನೇ ಒಪ್ಪಿಸಿತೆಂಬುದನ್ನು ಮಾತ್ರ ಗಮನಿಸಬೇಕೆನ್ನುತ್ತೇವೆ.

ದೂರದ ಆಸ್ಟ್ರಿಯಾ ದೇಶದಿಂದ ಇನ್ನೊಂದು ಬಾಳನ್ನು ನೆನೆಯೋಣ, ಏಕೆಂದರೆ ಅದು ನಮ್ಮಂಥದೇ ಒಂದು ಹಳ್ಳಿಯ ಧರ್ಮಕೇಂದ್ರದ ಕಥೆ. ಸಾಂಕ್ಟ್ ರಾಡೆಗುಂಡ್ ಎಂಬ ಊರಿನ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್ ತಮ್ಮ ದೇವಾಲಯದ ಪರಿಚಾರಕರಾಗಿದ್ದರು. ಹಿಟ್ಲರನ ಅನ್ಯಾಯದ ಯುದ್ಧದಲ್ಲಿ ಆಯುಧ ಹಿಡಿಯಲಾರೆನೆಂದು ಅವರು ನಿರಾಕರಿಸಿದರು. ಹೆಂಡತಿ ಮಕ್ಕಳ ಮುಖ ನೋಡಬೇಕೆಂದು ಹಿತೈಷಿಗಳು ಹೇಳಿದರು. ಎಲ್ಲರೂ ಹೋಗುತ್ತಿರುವಾಗ ನಿನ್ನದೇನು ವಿಶೇಷವೆಂದು ಊರವರು ಕೇಳಿದರು. 1943ರ ಆಗಸ್ಟ್ 9ರಂದು ಅವರ ತಲೆ ಕಡಿಯಲಾಯಿತು. ಯುದ್ಧ ಮುಗಿದ ಮೇಲೆಯೂ ಅನೇಕರ ಕಣ್ಣಿಗೆ ಅವರು ದ್ರೋಹಿಯೇ ಆಗಿದ್ದರು. ಅವರ ಪತ್ನಿಗೆ ಪಿಂಚಣಿ ಸಿಗಲು ವರ್ಷಗಳೇ ಹಿಡಿದುವು. 2007ರ ಅಕ್ಟೋಬರ್ 26ರಂದು ಧರ್ಮಸಭೆ ಅವರನ್ನು ಪುನೀತರ ಪಟ್ಟಕ್ಕೇರಿಸಿದಾಗ, ತೊಂಬತ್ತು ದಾಟಿದ ಆ ಪತ್ನಿ ಅಲ್ಲಿ ಉಪಸ್ಥಿತರಿದ್ದರು. ತನ್ನ ದೇಶ ಪಾಪದಲ್ಲಿ ಮುಳುಗುವುದನ್ನು ನೋಡಲಾರದ ರೈತನೇ ಆ ದೇಶವನ್ನು ಹೆಚ್ಚು ಪ್ರೀತಿಸಿದವನೆಂದು ಇಂದು ಯಾರು ಒಪ್ಪುವುದಿಲ್ಲ? ನಮ್ಮ ಪ್ರಭುವೂ ಜೆರುಸಲೇಮನ್ನು ಕಂಡು ಅತ್ತರು. ಪ್ರೀತಿ ಇಲ್ಲದ ಊರಿಗಾಗಿ ಯಾರೂ ಅಳುವುದಿಲ್ಲ.

ಈಗ ನಾವು ಆರಂಭದಲ್ಲಿ ಹೇಳಿದ ಆಸ್ತಿಯ ಮಾತಿಗೆ ಬರುತ್ತೇವೆ. ಭಾರತದ ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ್ ಮುಖರ್ಜಿಯವರು ಬಂಗಾಳದ ಕ್ರೈಸ್ತರು. ಅದೇ ಸಭೆಯಲ್ಲಿ ಮದ್ರಾಸಿನ ಸದಸ್ಯರಾಗಿ, ನಮ್ಮ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು ಜೆರೋಮ್ ಡಿ'ಸೋಜರಿದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನಗಳನ್ನು ಕಾದಿರಿಸಬೇಕೇ ಎಂಬ ಪ್ರಶ್ನೆ 1949ರ ಮೇ ತಿಂಗಳಲ್ಲಿ ಕೊನೆಯ ತೀರ್ಮಾನಕ್ಕೆ ಬಂದಾಗ, ಅಂಥ ಮೀಸಲಾತಿ ಬೇಡವೆಂಬ ನಿಲುವಿಗೆ ಇವರಿಬ್ಬರೂ ಬೆಂಬಲವಿತ್ತರು. ದೇಶ ವಿಭಜನೆಯ ರಕ್ತ ಇನ್ನೂ ಒಣಗಿರದ ದಿನಗಳವು. ಭಯಪಡಲು ಬೇಕಾದಷ್ಟು ಕಾರಣಗಳಿದ್ದುವು. ಆದರೂ ನಮ್ಮ ಹಿರಿಯರು ಬೇಲಿಯನ್ನು ಕೇಳಲಿಲ್ಲ. ನೆರೆಯವರ ವಿಶ್ವಾಸವನ್ನೂ, ಎಲ್ಲರಿಗೂ ಸಮಾನವಾದ ಹಕ್ಕುಗಳನ್ನೂ ನಂಬಿದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟುದು ಕ್ರೈಸ್ತರಿಗೆಂದಲ್ಲ, ಎಲ್ಲರಿಗೂ. ಈ ನಂಬಿಕೆಯೇ ನಾವು ಹೇಳಿದ ಆಸ್ತಿ.

ಆ ನಂಬಿಕೆಗೆ ಪೆಟ್ಟು ಬಿದ್ದ ದಿನಗಳೂ ಉಂಟು. 2008ರ ಸೆಪ್ಟೆಂಬರ್ 14 ಭಾನುವಾರವಾಗಿತ್ತು, ಪವಿತ್ರ ಶಿಲುಬೆಯ ವಿಜಯೋತ್ಸವದ ದಿನವೂ ಆಗಿತ್ತು. ಆ ದಿನ ಮಂಗಳೂರಿನಲ್ಲಿ ಧರ್ಮಭಗಿನಿಯರ ಪ್ರಾರ್ಥನಾಲಯದ ಮೇಲೆಯೂ ಇತರ ಕೆಲವು ಪ್ರಾರ್ಥನಾಸ್ಥಳಗಳ ಮೇಲೆಯೂ ದಾಳಿ ನಡೆಯಿತು. ನಮ್ಮ ಯುವಕರ ರಕ್ತ ಕುದಿಯಿತು. ತಾಯಂದಿರು ಮಕ್ಕಳನ್ನು ಹೊರಗೆ ಬಿಡಲು ಅಂಜಿದರು. ಆ ದಿನ ಆದ ನೋವನ್ನು ಇಲ್ಲವೆನ್ನುವ ದೇಶಪ್ರೇಮ ನಮಗೆ ಬೇಡ. ಹಾಗೆಯೇ, ಆ ಒಂದು ದಿನವೇ ಈ ದೇಶವೆನ್ನುವ ನಿರಾಶೆಯೂ ನಮಗೆ ಬೇಡ. ಪೆಟ್ಟು ತಿಂದವನು ನ್ಯಾಯ ಕೇಳುವುದು ತನ್ನ ಮನೆಯಲ್ಲಿಯೇ. ಪರರ ಮನೆಯಲ್ಲಿ ಯಾರೂ ನ್ಯಾಯ ಕೇಳುವುದಿಲ್ಲ. ನಾವು ನ್ಯಾಯಾಲಯದ ಮೆಟ್ಟಿಲು ಹತ್ತುವುದು, ಮನವಿ ಬರೆಯುವುದು, ಮತ ಹಾಕಲು ಸಾಲಿನಲ್ಲಿ ನಿಲ್ಲುವುದು, ಇವೆಲ್ಲ ಈ ದೇಶ ನಮ್ಮದೆಂಬ ಹಕ್ಕಿನ ಮಾತುಗಳೇ.

ಕೊನೆಯದಾಗಿ, ನಮ್ಮೊಳಗಿನ ಒಡಕಿನ ಬಗೆಗೆ ಒಂದು ಮಾತು. ಈ ಕರಾವಳಿಯಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ಒಂದು ಕಡೆಯಲ್ಲಿ ಮಂತ್ರಿಗಳಾಗಿದ್ದಾಗ, ಉಡುಪಿಯ ಆಸ್ಕರ್ ಫೆರ್ನಾಂಡಿಸರು ಎದುರು ಪಕ್ಷದಲ್ಲಿದ್ದರು. ನಮ್ಮ ಮನೆಗಳಲ್ಲಿಯೂ ಹಾಗೆಯೇ. ಅಣ್ಣನದು ಒಂದು ಪಕ್ಷ, ತಮ್ಮನದು ಇನ್ನೊಂದು. ಹಿಂದೆ ಇದು ಊಟದ ಹೊತ್ತಿನ ವಾದವಾಗಿತ್ತು. ಈಗೀಗ ಮಾತು ಬಿಡುವವರೆಗೆ ಹೋಗುತ್ತಿದೆ. ಒಬ್ಬರನ್ನೊಬ್ಬರು ದೇಶದ್ರೋಹಿಯೆಂದೋ ಧರ್ಮದ್ರೋಹಿಯೆಂದೋ ಕರೆಯುವುದನ್ನು ಕೇಳುತ್ತಿದ್ದೇವೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರಿನಲ್ಲಿ ಪ್ರಕಟಿಸಿದ, ಆಧುನಿಕ ಪ್ರಪಂಚದಲ್ಲಿ ಧರ್ಮಸಭೆಯ ಕುರಿತಾದ ಲೇಖನವು ಎರಡು ಸಂಗತಿಗಳನ್ನು ಬೋಧಿಸಿದೆ: ದೇಶವನ್ನು ಉದಾರವಾಗಿ ಪ್ರೀತಿಸಬೇಕು, ಆದರೆ ಆ ಪ್ರೀತಿ ಮನಸ್ಸನ್ನು ಕಿರಿದುಮಾಡಬಾರದು, ಲೌಕಿಕ ವಿಷಯಗಳಲ್ಲಿ ಪ್ರಾಮಾಣಿಕರಾದ ವಿಶ್ವಾಸಿಗಳಲ್ಲಿ ಭಿನ್ನಾಭಿಪ್ರಾಯ ಇರಬಹುದು, ಆದರೆ ತನ್ನ ಅಭಿಪ್ರಾಯವೇ ಧರ್ಮಸಭೆಯ ಅಭಿಪ್ರಾಯವೆಂದು ಯಾರೂ ಹೇಳಿಕೊಳ್ಳಬಾರದು. ಈ ಎರಡನೆಯ ಬೋಧನೆಯನ್ನು ನಮ್ಮ ಇಗರ್ಜಿಯ ಅಂಗಳದಲ್ಲಿ ಪಾಲಿಸಿದರೆ ಅರ್ಧ ಜಗಳ ಮುಗಿದಂತೆ.

ಪವಿತ್ರ ಶುಕ್ರವಾರದ ಆರಾಧನೆಯಲ್ಲಿ ನಾವು ನಾಡನ್ನಾಳುವವರಿಗಾಗಿ ಪ್ರಾರ್ಥಿಸುತ್ತೇವೆ. ಆ ಪ್ರಾರ್ಥನೆಯಲ್ಲಿ ಪಕ್ಷದ ಹೆಸರಿಲ್ಲ. ನಾವು ಮತ ಹಾಕಿದವರಿಗೂ ಅದೇ ಪ್ರಾರ್ಥನೆ, ಹಾಕದವರಿಗೂ ಅದೇ. ಆಗಸ್ಟ್ 15ರಂದು ಮಾತೆ ಮರಿಯಮ್ಮನವರ ಸ್ವರ್ಗಾರೋಪಣದ ಬಲಿಪೂಜೆ ಮುಗಿಸಿ, ಅದೇ ಅಂಗಳದಲ್ಲಿ ನಿಂತು ನಾವು ಧ್ವಜವಂದನೆ ಮಾಡುತ್ತೇವೆ. ಮುಂದೆಯೂ ಮಾಡುವೆವು: ಹೆಮ್ಮೆಯ ವರ್ಷದಲ್ಲಿ ನಗುಮುಖದಿಂದ, ನೋವಿನ ವರ್ಷದಲ್ಲಿ ತೇವಗೊಂಡ ಕಣ್ಣುಗಳಿಂದ. ಯಾರಿಗೋ ತೋರಿಸಲೆಂದಲ್ಲ, ಯಾರಿಗೋ ಅಂಜಿಯೂ ಅಲ್ಲ. ಈ ದೇಶ ನಮ್ಮದೆಂಬ ಒಂದೇ ಕಾರಣಕ್ಕಾಗಿ.

ಇನ್ನು ನೂರು ವರ್ಷಗಳ ಮೇಲೆ ಈ ದೇವಾಲಯದಲ್ಲಿ ಕೂಡುವವರು, ಒಡಕಿನ ಕಾಲದಲ್ಲಿ ನಾವು ಯಾವ ಪಕ್ಷದಲ್ಲಿದ್ದೆವೆಂದು ಕೇಳಲಾರರು. ಬೇರೆ ಬೇರೆ ಪಕ್ಷದವರಾದ ನಾವು ಒಂದೇ ಬೆಂಚಿನಲ್ಲಿ ಮೊಣಕಾಲೂರಿದೆವೇ, ಸಂಶಯಕ್ಕೀಡಾದ ನೆರೆಯವರ ಪಕ್ಕದಲ್ಲಿ ನಿಂತೆವೇ ಎಂದು ಕೇಳಿಯಾರು. ಅವರಿಗೆ ಕೊಡಲು ಒಳ್ಳೆಯ ಉತ್ತರವನ್ನು ಸಿದ್ಧಪಡಿಸುವ ಅನುಗ್ರಹವನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲೆಂದು ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.