ಕಾಂಕ್ರೀಟಿನಲ್ಲಿ ಬಚ್ಚಿಟ್ಟ ಮ್ಯೂಸಿಯಂ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸೈನ್ಯದಲ್ಲಿದ್ದವನು, ಯುದ್ಧದ ಸಂಗತಿ ಏನಾದರೂ ಹೇಳು ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ಹೇಳುತ್ತೇನೆ. ಆದರೆ ನಾನು ಹೇಳುವ ಮನುಷ್ಯ ಬಂದೂಕು ಹಿಡಿದವರಲ್ಲ. ಅವರು ಲೆಬನಾನ್ ದೇಶದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ಹೆಸರು ಮೌರಿಸ್ ಶೆಹಾಬ್.

1998ರಲ್ಲಿ ದಕ್ಷಿಣ ಲೆಬನಾನಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ನಮ್ಮ ಭಾರತದ ಬೆಟಾಲಿಯನ್ ಸೇರಿತು. ನಾನೂ ಒಂದು ಸರದಿ ಅಲ್ಲಿದ್ದೆ. ಒಂದು ರಜೆಯ ದಿನ ನಮ್ಮನ್ನು ರಾಜಧಾನಿ ಬೈರುತ್‌ಗೆ ಕರೆದುಕೊಂಡು ಹೋದರು. ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಒಂದು ಸಣ್ಣ ಚಿತ್ರ ತೋರಿಸುತ್ತಾರೆ. ಕೆಲಸಗಾರರು ದೊಡ್ಡ ದೊಡ್ಡ ಕಾಂಕ್ರೀಟ್ ಗೂಡುಗಳನ್ನು ಒಡೆಯುತ್ತಾರೆ. ಒಳಗಿನಿಂದ ಸಾವಿರಾರು ವರ್ಷ ಹಳೆಯ ಕಲ್ಲಿನ ಶಿಲ್ಪಗಳು ಒಂದೊಂದಾಗಿ ಹೊರಗೆ ಬರುತ್ತವೆ. ಅದನ್ನು ನೋಡಿ ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

1975ರಲ್ಲಿ ಆ ದೇಶದಲ್ಲಿ ಅಂತರ್ಯುದ್ಧ ಶುರುವಾಯಿತು. ಊರು ಎರಡು ಭಾಗವಾಯಿತು. ನಡುವಿನ ಗಡಿಗೆ ಹಸಿರು ಗೆರೆ ಎಂದು ಹೆಸರು. ಮ್ಯೂಸಿಯಂ ಸರಿಯಾಗಿ ಆ ಗೆರೆಯ ಮೇಲೇ ಇತ್ತು. ಶೆಹಾಬ್ ಅವರಿಗೆ ಆಗ 70 ದಾಟಿತ್ತು. 1942ರಿಂದ ಆ ಮ್ಯೂಸಿಯಂ ನೋಡಿಕೊಂಡು ಬಂದವರು ಅವರು. ಪತ್ನಿ ಓಲ್ಗಾ ಜೊತೆ ಸೇರಿ ಕೆಲಸಕ್ಕೆ ಇಳಿದರು. ಸಣ್ಣ ವಸ್ತುಗಳನ್ನು ನೆಲಮಾಳಿಗೆಗೆ ಸಾಗಿಸಿ, ಬಾಗಿಲೇ ಕಾಣದಂತೆ ಗೋಡೆ ಕಟ್ಟಿಸಿದರು. ನೆಲದ ಮೊಸಾಯಿಕ್ ಚಿತ್ರಗಳ ಮೇಲೆ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಹಾಕಿಸಿದರು. ಎತ್ತಲಾಗದ ಶಿಲ್ಪಗಳಿಗೂ ಕಲ್ಲಿನ ಶವಪೆಟ್ಟಿಗೆಗಳಿಗೂ ಮೊದಲು ಮರಳುಚೀಲ ಪೇರಿಸಿದರು. ಯುದ್ಧ ಜೋರಾದಾಗ ಸುತ್ತ ಹಲಗೆ ಕಟ್ಟಿ ಕಾಂಕ್ರೀಟ್ ಸುರಿಸಿದರು. ಅಷ್ಟು ದಪ್ಪ ಕಾಂಕ್ರೀಟನ್ನು ಒಡೆದು ಕದಿಯುವುದು ಯಾರಿಗೂ ಸುಲಭವಲ್ಲ.

ಹೀಗೆ ಉಳಿದದ್ದರಲ್ಲಿ ಬಿಬ್ಲೋಸ್ ಪಟ್ಟಣದ ಅಹಿರಾಮ್ ಎಂಬ ರಾಜನ ಶವಪೆಟ್ಟಿಗೆ ಒಂದು. ಸಿಕ್ಕಿದ್ದು 1923ರಲ್ಲಿ. ಅದರ ಮೇಲಿನ ಬರಹ ಫಿನೀಷಿಯನ್ ಅಕ್ಷರಗಳ ಅತಿ ಹಳೆಯ ಶಾಸನಗಳಲ್ಲಿ ಒಂದು. ಈ ಪೆಟ್ಟಿಗೆ ತೆರೆದವನ ರಾಜದಂಡ ಮುರಿಯಲಿ, ಸಿಂಹಾಸನ ಉರುಳಲಿ ಎಂದು ಅದರಲ್ಲಿ ಶಾಪವಿದೆ. ಅರ್ಥ ತಿಳಿದಾಗ ನನಗೆ ನಮ್ಮ ದಾನಶಾಸನಗಳು ನೆನಪಾದವು. ಈ ಧರ್ಮ ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರುತ್ತದೆ ಎಂದು ನಮ್ಮವರೂ ಕೊನೆಯಲ್ಲಿ ಬರೆಸುತ್ತಿದ್ದರಲ್ಲ! ಕಲ್ಲಿನ ಮೇಲೆ ಬರೆಸಿದವರಿಗೆಲ್ಲ ಒಂದೇ ಭಯ.

ಎಲ್ಲವೂ ಉಳಿಯಲಿಲ್ಲ. ಪಕ್ಕದ ಕಟ್ಟಡದ ಭಾಗಕ್ಕೆ ಬೆಂಕಿ ಬಿದ್ದು ನಕ್ಷೆ, ಫೋಟೋ, ಕಡತಗಳ ಜೊತೆ 45 ಪೆಟ್ಟಿಗೆ ವಸ್ತುಗಳು ಬೆಂಕಿಗೆ ಸಿಕ್ಕವು. ನೆಲಮಾಳಿಗೆಗೆ ನೀರು ನುಗ್ಗಿತು. ಗೋಡೆಯ ಒಂದು ಮೊಸಾಯಿಕ್‌ನಲ್ಲಿ ತೂತಿದೆ. ಹೊಂಚು ಹಾಕಿ ಗುಂಡು ಹಾರಿಸುವವನು ಕೊರೆದದ್ದು. ಅಲ್ಲಿ ಬಂದೂಕು ಇಟ್ಟರೆ ಅನುಕೂಲ ಎಂದು ನನ್ನಂಥ ಸಿಪಾಯಿಗೆ ನೋಡಿದ ಕೂಡಲೇ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಅಲ್ಲಿ ಬೀಡುಬಿಟ್ಟಿದ್ದ ಹೋರಾಟಗಾರರು ಗೋಡೆಗಳ ಮೇಲೆ ತುಂಬ ಗೀಚಿದ್ದರಂತೆ.

ಶೆಹಾಬ್ 1982ರವರೆಗೆ ಹುದ್ದೆಯಲ್ಲಿದ್ದರು. 1994ರ ಡಿಸೆಂಬರಿನಲ್ಲಿ ತೀರಿಕೊಂಡರು. ಮ್ಯೂಸಿಯಂ ಜನರಿಗೆ ಮತ್ತೆ ಮೊದಲು ತೆರೆದದ್ದು 1997ರಲ್ಲಿ. ನೆಲಮಾಳಿಗೆ ತೆರೆದದ್ದು 2016ರಲ್ಲಿ. ತಾವು ಮುಚ್ಚಿಟ್ಟದ್ದನ್ನು ಜನ ಬಂದು ನೋಡುವುದನ್ನು ಅವರು ನೋಡಲೇ ಇಲ್ಲ.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಶಾಲೆಯ ಹಳೆ ಹೆಂಚಿನ ಕಟ್ಟಡದ ಹಿಂದೆ ಹುಣಸೆಮರದ ಬುಡದಲ್ಲಿ ಒಂದು ವೀರಗಲ್ಲಿದೆ. ಕೆಳಗೆ ದನ ಬಿಡಿಸಲು ಹೋರಾಡುವ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ನಮಗೆ ಅದು ಕ್ರಿಕೆಟ್ಟಿನ ವಿಕೆಟ್ಟು. ಒಂಬತ್ತನೇ ತರಗತಿಯಲ್ಲಿ ನಾನು ಕೈವಾರದ ಮೊನೆಯಿಂದ ಆ ವೀರನ ಎದೆಯ ಮೇಲೆ ನನ್ನ ಹೆಸರಿನ ಮೊದಲ ಅಕ್ಷರ ಕೆತ್ತಿದ್ದೆ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಅವನ ಮುಖ ಸವೆದಿದೆ, ನನ್ನ ಅಕ್ಷರ ಹಾಗೇ ಇದೆ. ಬೈರುತ್‌ನಲ್ಲಿ ಗೋಡೆ ಗೀಚಿದವರ ಕೈಯಲ್ಲಾದರೂ ಯುದ್ಧವಿತ್ತು. ನನ್ನ ಕೈಯಲ್ಲಿ ಇದ್ದದ್ದು ಜ್ಯಾಮಿತಿ ಪೆಟ್ಟಿಗೆ.

ಹಳೆ ಕಟ್ಟಡ ಕೆಡವಿ ಹೊಸ ಕೊಠಡಿ ಕಟ್ಟುತ್ತಾರೆಂದು ಕೇಳಿದೆ. ಬಹಳ ಸಂತೋಷ, ಮಕ್ಕಳಿಗೆ ಕೊಠಡಿ ಬೇಕೇ ಬೇಕು. ಆದರೆ ಜೆಸಿಬಿಗೆ ಆ ಕಲ್ಲೂ ಒಂದೇ, ಈ ಕಲ್ಲೂ ಒಂದೇ. ಅಧ್ಯಕ್ಷರಲ್ಲಿ ನನ್ನ ವಿನಂತಿ ಇಷ್ಟೇ: ಕೆಲಸ ಶುರುವಾಗುವ ಮುಂಚೆ ಕಲ್ಲಿನ ಸುತ್ತ ಮರಳುಚೀಲ ಪೇರಿಸೋಣ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯೋಣ, ಅವರು ಹೇಳಿದಂತೆ ಕಟ್ಟೆ ಕಟ್ಟೋಣ. ಕಟ್ಟೆಯ ಖರ್ಚು ನನ್ನ ಪಿಂಚಣಿಯಿಂದ. ಚೀಲ ಹೊರಲು ನಾಳೆ ಬೆಳಿಗ್ಗೆ ಏಳು ಗಂಟೆಗೆ ನಾನು ಹುಣಸೆಮರದ ಹತ್ತಿರ ಇರುತ್ತೇನೆ. ಆಗ ನನ್ನ ಜೊತೆ ಅಲ್ಲಿ ಬ್ಯಾಟು ಬೀಸಿದವರೆಲ್ಲ ಬನ್ನಿ. ಯಾರ್ಯಾರು ಎಂದು ನನಗೆ ಚೆನ್ನಾಗಿ ನೆನಪಿದೆ.