ಗೋಡೆಯ ಮರೆಗೆ ಹೋಗುವುದು ಯಾಕೆ?

ಎಕ್ಸ್-ರೇ ಕೋಣೆಯಲ್ಲಿ ನಿಮ್ಮನ್ನು ನಿಲ್ಲಿಸಿ, "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ" ಎಂದವರು ತಾವು ಮಾತ್ರ ಗೋಡೆಯ ಮರೆಗೆ ಹೋಗಿಬಿಡುತ್ತಾರೆ. ನಮಗಿಲ್ಲದ ಭಯ ಅವರಿಗೇಕೆ? ಇದಕ್ಕೆ ಉತ್ತರವಾಗಿ ಕ್ಲಾರೆನ್ಸ್ ಡ್ಯಾಲಿಯ ಕಥೆ ಹೇಳಬೇಕು.

1895ರ ನವೆಂಬರ್ 8ರಂದು ಜರ್ಮನಿಯಲ್ಲಿ ರಾಂಟ್ಜೆನ್ ಈ ಕಿರಣ ಕಂಡುಹಿಡಿದದ್ದು, ಹೆಂಡತಿಯ ಕೈಮೂಳೆಯ ಚಿತ್ರ ತೆಗೆದದ್ದು, 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದದ್ದು ಎಲ್ಲ ಪಠ್ಯಪುಸ್ತಕದಲ್ಲೇ ಇದೆ, ಬಿಡಿ. ಸುದ್ದಿ ಅಮೆರಿಕ ಮುಟ್ಟಿದ್ದೇ ತಡ, ನ್ಯೂಜೆರ್ಸಿಯ ತನ್ನ ಪ್ರಯೋಗಶಾಲೆಯಲ್ಲಿ ಥಾಮಸ್ ಎಡಿಸನ್ ಬೇರೆ ಕೆಲಸ ಬದಿಗಿಟ್ಟು ಇದರ ಹಿಂದೆ ಬಿದ್ದ. ಅಲ್ಲಿ ಈ ಕಿರಣ ಹೊಮ್ಮಿಸುವ ಗಾಜಿನ ಕೊಳವೆ ಊದಿ ತಯಾರಿಸುವ ಕೆಲಸ ಡ್ಯಾಲಿಯದು. ಕೊಳವೆ ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ? ತನ್ನ ಕೈಯನ್ನೇ ಅಡ್ಡ ಹಿಡಿಯುತ್ತಿದ್ದ! ದಿನವೂ, ಮತ್ತೆ ಮತ್ತೆ. ಎಡಗೈ ಸುಟ್ಟು ಹುಣ್ಣಾದಾಗ ಬಲಗೈ ಹಿಡಿದ. ಆ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿ ತಾಕದು. ಅನುಮಾನವಾದರೂ ಹೇಗೆ ಬರಬೇಕು? ಹುಣ್ಣು ಕ್ಯಾನ್ಸರ್ ಆಯಿತು. ಎರಡೂ ತೋಳು ಕತ್ತರಿಸಿದರೂ ಬದುಕಲಿಲ್ಲ. 1904ರಲ್ಲಿ ತೀರಿಕೊಂಡಾಗ ಅವನಿಗೆ 39 ವರ್ಷ. ಎಡಿಸನ್ ಹೆದರಿ ಎಕ್ಸ್-ರೇ ಸಂಶೋಧನೆಯನ್ನೇ ಕೈಬಿಟ್ಟ. ರಾಂಟ್ಜೆನ್ ಹೆಸರು ಮಕ್ಕಳಿಗೂ ಗೊತ್ತು; ಡ್ಯಾಲಿಯನ್ನು ಕೇಳಿದವರು ಎಷ್ಟು ಜನ? ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಇಂಥವರಿಗಾಗಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1936ರಲ್ಲಿ ಒಂದು ಸ್ಮಾರಕ ನಿಲ್ಲಿಸಿದರು, ಅಷ್ಟೇ ಸಮಾಧಾನ.

ಈಗ ಗೋಡೆಯ ಮಾತಿಗೆ ಬರೋಣ. ಎದೆಯ ಒಂದು ಎಕ್ಸ್-ರೇಯಲ್ಲಿ ನಮಗೆ ತಾಕುವ ವಿಕಿರಣ ತೀರ ಕಡಿಮೆ. ಕಲ್ಲು, ಮಣ್ಣು, ಆಕಾಶದಿಂದ ಸುಮಾರು ಹತ್ತು ದಿನದಲ್ಲಿ ತಾನಾಗಿ ಬರುವಷ್ಟು. ನೀವು ಎಂದೋ ಒಮ್ಮೆ ನಿಲ್ಲುತ್ತೀರಿ; ಎಕ್ಸ್-ರೇ ತೆಗೆಯುವವರು ದಿನವಿಡೀ, ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ಅದಕ್ಕೇ ಮರೆ ಬೇಕು. ಸಿ.ಟಿ. ಸ್ಕ್ಯಾನ್ ಬೇರೆ ಲೆಕ್ಕ, ಅದರಲ್ಲಿ ವಿಕಿರಣ ಹತ್ತಾರು ಪಟ್ಟು ಹೆಚ್ಚು. ಡಾಕ್ಟರು ಬೇಡ ಎಂದರೂ "ಒಂದು ಸ್ಕ್ಯಾನ್ ಬರೆದುಕೊಡಿ" ಎಂದು ಹಟ ಹಿಡಿಯಬೇಡಿ. ಬೇಕು ಎಂದಾಗ ಹೆದರಿ ತಪ್ಪಿಸಿಕೊಳ್ಳಲೂ ಬೇಡಿ.

ಗರ್ಭಿಣಿಯಾಗಿದ್ದರೆ, ಮುಟ್ಟು ತಪ್ಪಿ ಅನುಮಾನವಿದ್ದರೂ ಸರಿ, ಒಳಗೆ ಹೋಗುವ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ಎದೆಯ ಚಿತ್ರಕ್ಕೆ ಹೋಗುವಾಗ ಸರ, ತಾಳಿ, ಪಿನ್ನು ತೆಗೆದಿಡಿ. ಲೋಹದ ನೆರಳು ಬಿದ್ದರೆ ಇನ್ನೊಮ್ಮೆ ತೆಗೆಯಬೇಕಾದೀತು. ಜೊತೆಗೆ ಬಂದವರು ಹೊರಗೇ ಕೂರಲಿ. ಮಗುವನ್ನು ಹಿಡಿದುಕೊಳ್ಳಲೇಬೇಕಾದರೆ ಒಬ್ಬರು ಸಾಕು, ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಲಿ. ಹಳೆಯ ಫಿಲ್ಮುಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ. ಹೊಸದು ಬೇಕೇ ಬೇಡವೇ ಎಂದು ಅವರು ಅದನ್ನು ನೋಡಿಯೇ ಹೇಳಬಹುದು.